ಬಿಯರ್ ಹಳೆಯದಾದಷ್ಟೂ ಕಿಕ್ ಏರುತ್ತದೆಯೇ?

ಓದುಗರ ಪ್ರಶ್ನೆ: ಬಿಯರನ್ನು ಎಷ್ಟು ವರ್ಷ ಇಡಬಹುದು? ಪೀಪಾಯಿಯಲ್ಲಿಟ್ಟ ವಿಸ್ಕಿಯಂತೆ ಇದೂ ಹಳೆಯದಾದಷ್ಟೂ ಒಳ್ಳೆಯದಾಗುತ್ತದೆಯೇ? ಮನೆಯಲ್ಲಿ ಎರಡು ವರ್ಷದಿಂದ ಒಂದು ಸ್ಟ್ರಾಂಗ್ ಬಾಟಲಿ ಹಾಗೇ ಇದೆ. ಈಗ ಅದರ ಕಿಕ್ ಜಾಸ್ತಿಯಾಗಿರುತ್ತದೆ ಅನ್ನುತ್ತಾರೆ, ನಿಜವೇ?

ನಿಜವಲ್ಲ. ಕಿಕ್ ಗುಲಗಂಜಿಯಷ್ಟೂ ಏರಿರುವುದಿಲ್ಲ. ಆ ಬಾಟಲಿಯನ್ನು ಲೇಬಲ್ ಮೇಲಿರುವ ಅವಧಿಯೊಳಗೆ, ನಮ್ಮಲ್ಲಿ ಸಾಮಾನ್ಯವಾಗಿ ತಯಾರಾದ ಆರು ತಿಂಗಳೊಳಗೆ, ಮುಗಿಸಬೇಕಿತ್ತು. ವರ್ಷಗಟ್ಟಲೆ ಇಡಬಹುದಾದ ಬಿಯರುಗಳು ಇವೆ, ಇಪ್ಪತ್ತು ವರ್ಷ ಇಡುವಂಥವೂ ಇವೆ. ಆದರೆ ಅವುಗಳನ್ನು ಹಾಗೆ ಇಡುವುದಕ್ಕೆಂದೇ ತಯಾರಿಸಿರುತ್ತಾರೆ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದರೂ ತಿರುಗಿ ಬರುತ್ತಲೇ ಇದೆ. ಅದಕ್ಕೇ ಈ ಸಲ ಲೆಕ್ಕ ಹಾಕಿಯೇ ತೋರಿಸಿಬಿಡೋಣ.

ಈ ನಂಬಿಕೆಗೆ ಬೇರು ಇಲ್ಲದಿಲ್ಲ. ನಮ್ಮವರು ತಲೆಮಾರುಗಳಿಂದ ನೋಡಿದ್ದು ಹೆಂಡವನ್ನು. ಬೆಳಗ್ಗೆ ಈಚಲು ಮರದಿಂದ ಇಳಿಸಿದ ನೀರಾ ಸಿಹಿಯಾಗಿರುತ್ತದೆ, ಮಧ್ಯಾಹ್ನಕ್ಕೆ ನೊರೆಯೇಳುತ್ತದೆ, ಸಂಜೆಗೆ ತಲೆಗೇರುತ್ತದೆ. ಮಡಕೆಯಲ್ಲಿ ಸಕ್ಕರೆ ಇದೆ, ಜೀವಂತ ಯೀಸ್ಟ್ ಇದೆ; ಹೊತ್ತು ಕಳೆದಷ್ಟೂ ಅಮಲು ಏರುವುದು ಸಹಜ. ಅದೇ ಹೆಂಡ ಮಾರನೇ ದಿನಕ್ಕೆ ಹುಳಿಯಾಗಿ, ಆಮೇಲೆ ವಿನೆಗರ್ ಆಗುವುದನ್ನೂ ಅವರು ನೋಡಿದ್ದರು. ಆ ಅರ್ಧವನ್ನು ಮಾತ್ರ ಎಲ್ಲರೂ ಮರೆತುಬಿಟ್ಟಿದ್ದಾರೆ.

ಈಗ ಕಾರ್ಖಾನೆಯ ಬಾಟಲಿಗೆ ಬನ್ನಿ. ಬಿಯರ್ ಹುದುಗಿ ಮುಗಿದ ಮೇಲೆ ಯೀಸ್ಟನ್ನು ಸೋಸಿ ತೆಗೆಯುತ್ತಾರೆ. ಬಾಟಲಿಗೆ ತುಂಬಿ ಮುಚ್ಚಳ ಒತ್ತಿದ ಮೇಲೆ ಸುಮಾರು 60 ಡಿಗ್ರಿ ಬಿಸಿಯಲ್ಲಿ ಪ್ಯಾಶ್ಚರೀಕರಿಸುತ್ತಾರೆ. ಅಳಿದುಳಿದ ಯೀಸ್ಟ್ ಅಲ್ಲೇ ಸಾಯುತ್ತದೆ. ಬಿಯರಿನಲ್ಲಿ ಉಳಿದಿರುವುದು ಬಹುಪಾಲು ಪಿಷ್ಟ ಒಡೆದು ಆದ ಡೆಕ್ಸ್‌ಟ್ರಿನ್. ಅದು ಲಾಗರ್, ಅಂದರೆ ನಮ್ಮ ಮಾಮೂಲಿ ಬಾಟಲಿ ಬಿಯರಿನ, ಯೀಸ್ಟ್ ಬದುಕಿದ್ದಾಗಲೂ ತಿನ್ನಲಾರದ ಪದಾರ್ಥ. ತಿನ್ನುವವನೂ ಇಲ್ಲ, ತಿನ್ನುವ ಅನ್ನವೂ ಇಲ್ಲ ಅಂದಮೇಲೆ ಆಲ್ಕೋಹಾಲ್ ಎಲ್ಲಿಂದ ಬರಬೇಕು? 650 ಎಂಎಲ್ ಬಾಟಲಿಯಲ್ಲಿ ಶೇ. 8 ಎಂದು ಹಿಡಿದರೆ 52 ಎಂಎಲ್ ಆಲ್ಕೋಹಾಲ್ ಇದೆ. ಎರಡು ವರ್ಷದ ಮೇಲೆ ತೆರೆದರೂ ಅಷ್ಟೇ ಇರುತ್ತದೆ.

ಇಷ್ಟಕ್ಕೂ ಒಪ್ಪದವರಿಗೆ ಇನ್ನೊಂದು ಲೆಕ್ಕ. ಆಲ್ಕೋಹಾಲ್ ಶೇ. 8ರಿಂದ 9ಕ್ಕೆ ಏರಬೇಕಾದರೆ ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಹುದುಗಬೇಕು. ಆಗ ಆಲ್ಕೋಹಾಲಿನ ಜೊತೆಗೆ ಲೀಟರಿಗೆ ಏಳೂವರೆ ಗ್ರಾಮಿನಷ್ಟು ಕಾರ್ಬನ್ ಡೈಆಕ್ಸೈಡ್ ಕೂಡ ಹುಟ್ಟುತ್ತದೆ. ಒಂದನ್ನು ಬಿಟ್ಟು ಇನ್ನೊಂದು ಹುಟ್ಟುವುದಿಲ್ಲ. ಬಾಟಲಿಯಲ್ಲಿ ಮೊದಲೇ ಲೀಟರಿಗೆ ಸುಮಾರು 5 ಗ್ರಾಂ ಗ್ಯಾಸ್ ತುಂಬಿರುತ್ತಾರೆ. ಎರಡೂ ಸೇರಿದರೆ ಗ್ಯಾಸ್ ಎರಡೂವರೆ ಪಟ್ಟಾಗುತ್ತದೆ. ಬೇಸಿಗೆಯ ಸೆಕೆಯಲ್ಲಿ ಮಾಮೂಲಿ ಗಾಜು ಅಷ್ಟು ಒತ್ತಡ ತಡೆಯುವುದು ಕಷ್ಟ. ಮುಚ್ಚಳ ಹಾರಬೇಕು, ಇಲ್ಲವೇ ಬಾಟಲಿಯೇ ಸಿಡಿಯಬೇಕು. ನಿಮ್ಮ ಬಾಟಲಿ ಎರಡು ವರ್ಷ ತೆಪ್ಪಗೆ ನಿಂತಿದೆ ಎಂಬುದೇ ಅದರೊಳಗೆ ಹೊಸದಾಗಿ ಆಲ್ಕೋಹಾಲ್ ಹುಟ್ಟಿಲ್ಲ ಎನ್ನಲು ಸಾಕ್ಷಿ.

‘ಆದರೂ ಕುಡಿದಾಗ ಖಾರವಾಗಿ ಹೊಡೆಯಿತಲ್ಲ’ ಎನ್ನುವವರಿದ್ದಾರೆ. ಅದು ಹಳಸಿದ ರುಚಿ. ಮುಚ್ಚಳದಡಿ ಉಳಿದ ಚೂರು ಆಮ್ಲಜನಕ ಮತ್ತು ಸೆಕೆ ಸೇರಿ, ಬಿಯರಿಗೆ ಕಹಿ ಕೊಡುವ ಹೂವಾದ ಹಾಪ್‌ನ ಪರಿಮಳವನ್ನೂ ಕಹಿಯನ್ನೂ ಇಳಿಸುತ್ತವೆ. ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ, ಕೊಬ್ಬಿನಂಶದಿಂದ ಬಂದ ಟ್ರಾನ್ಸ್-2-ನೊನೆನಾಲ್ ಎಂಬ ರಾಸಾಯನಿಕ ತಲೆಯೆತ್ತುತ್ತದೆ. ಮಳೆಯಲ್ಲಿ ನೆನೆದ ರಟ್ಟಿನ ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದರೆ ಬರುವ ವಾಸನೆಯೇ ಇದು. ಶತಕೋಟಿಗೆ ಒಂದಂಶಕ್ಕಿಂತಲೂ ಕಡಿಮೆ ಇದ್ದರೂ ನಾಲಿಗೆಗೆ ಗೊತ್ತಾಗುತ್ತದೆ. ಗಂಟಲು ಕೆರೆಯುವ ಆ ರುಚಿಯನ್ನೇ ಜನ ಶಕ್ತಿ ಎಂದುಕೊಳ್ಳುತ್ತಾರೆ. ಅಂದಹಾಗೆ ಅದು ವಿಷವೂ ಅಲ್ಲ. ಬಿಯರಿನ ಹುಳಿ, ಹಾಪ್, ಆಲ್ಕೋಹಾಲ್ ಮೂರೂ ಸೇರಿ ರೋಗಾಣುಗಳನ್ನು ಬೆಳೆಯಲು ಬಿಡುವುದಿಲ್ಲ. ಮುಚ್ಚಳ ಗಟ್ಟಿಯಾಗಿದ್ದ ಹಳೇ ಬಿಯರಿನಲ್ಲಿ ಕೆಡುವುದು ರುಚಿ ಮಾತ್ರ.

ವಿಸ್ಕಿಯ ಹೋಲಿಕೆಯೂ ಇಲ್ಲಿ ನಿಲ್ಲುವುದಿಲ್ಲ. ವಿಸ್ಕಿ ಮಾಗುವುದು ಪೀಪಾಯಿಯ ಮರದೊಳಗೆ. ಬಾಟಲಿಗೆ ಇಳಿದ ದಿನವೇ ಅದರ ವಯಸ್ಸು ನಿಲ್ಲುತ್ತದೆ. ಹನ್ನೆರಡು ವರ್ಷದ ವಿಸ್ಕಿಯನ್ನು ಇನ್ನೂ ಹತ್ತು ವರ್ಷ ಬೀರುವಿನಲ್ಲಿಟ್ಟರೂ ಅದು ಹನ್ನೆರಡು ವರ್ಷದ್ದೇ.

ಹಾಗಾದರೆ ಇಡುವಂಥ ಬಿಯರ್ ಯಾವುದು? ತೊಕ್ಕನ್ನೂ ಮಿಡಿ ಉಪ್ಪಿನಕಾಯಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬುದು ಮಲೆನಾಡಿನ ಪ್ರತಿ ಮನೆಗೂ ಗೊತ್ತು. ಮಿಡಿ ವರ್ಷಗಟ್ಟಲೆ ಉಳಿಯುವುದು ಅದಕ್ಕೆ ಹಾಕಿದ ಉಪ್ಪಿನಿಂದ. ಬಿಯರಿಗೂ ಹಾಗೆ ಕಾಯುವ ಏನಾದರೂ ಬೇಕು: ಶೇ. 8ಕ್ಕಿಂತ ಮೇಲಿನ ಆಲ್ಕೋಹಾಲ್ ಜೊತೆಗೆ ದಟ್ಟ ಮಾಲ್ಟ್, ಇಲ್ಲವೇ ಹುಳಿ, ಇಲ್ಲವೇ ಬಾಟಲಿಯೊಳಗೆ ಆಮ್ಲಜನಕವನ್ನು ನುಂಗುತ್ತ ಕೂತ ಜೀವಂತ ಯೀಸ್ಟ್. ಸ್ಟ್ರಾಂಗ್ ಲಾಗರಿಗೆ ಆಲ್ಕೋಹಾಲ್ ಇದೆ, ಉಳಿದ ಯಾವುದೂ ಇಲ್ಲ.

ಹುಳಿಗೆ ದೊಡ್ಡ ಉದಾಹರಣೆ ಬೆಲ್ಜಿಯಂನ ಲ್ಯಾಂಬಿಕ್. ಬ್ರಸೆಲ್ಸ್ ಸುತ್ತಮುತ್ತ ಚಳಿಯ ತಿಂಗಳುಗಳಲ್ಲಿ, ಕುದಿಸಿದ ಮಾಲ್ಟಿನ ರಸವನ್ನು ಅಗಲವಾದ ಆಳವಿಲ್ಲದ ತೊಟ್ಟಿಯಲ್ಲಿ ರಾತ್ರಿಯಿಡೀ ತೆರೆದಿಡುತ್ತಾರೆ. ನಾವು ದೋಸೆ ಹಿಟ್ಟಿಗೆ ಯೀಸ್ಟ್ ಹಾಕದೆ ಬಿಟ್ಟಂತೆಯೇ ಇದು. ಸುತ್ತಲಿನ ಸೂಕ್ಷ್ಮಜೀವಿಗಳೇ ಬಂದು ಕೂರುತ್ತವೆ. ಆಮೇಲೆ ಹಳೆಯ ಓಕ್ ಪೀಪಾಯಿಯಲ್ಲಿ ಒಂದರಿಂದ ಮೂರು ವರ್ಷ ಇಡುತ್ತಾರೆ. ಬ್ರೆಟ್ಟನೊಮೈಸಿಸ್ ಎಂಬ ನಿಧಾನದ ಯೀಸ್ಟ್ ಅಲ್ಲಿ ಡೆಕ್ಸ್‌ಟ್ರಿನ್ನನ್ನೂ ಕರಗಿಸಿ ತಿನ್ನುತ್ತದೆ. ಮೂರು ವರ್ಷ ದಾಟಿದರೆ ಮರದ ಸಂದಿನಿಂದ ಒಸರುವ ಗಾಳಿಯ ಕೈ ಮೇಲಾಗಿ ವಿನೆಗರಿನ ಹುಳಿ ಕಾಣಿಸುತ್ತದೆ. ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್ ಬೆರೆಸಿ ದಪ್ಪ ಗಾಜಿನ ಬಾಟಲಿಗೆ ತುಂಬಿದ್ದು ಗೂಝ್. ಎಳೆಯದರಲ್ಲಿ ಉಳಿದ ಸಕ್ಕರೆ ಬಾಟಲಿಯಲ್ಲಿ ಗ್ಯಾಸ್ ಹುಟ್ಟಿಸುತ್ತದೆ. ತಂಪಿನಲ್ಲಿಟ್ಟರೆ ಇದು ಹತ್ತು ಇಪ್ಪತ್ತು ವರ್ಷ ಬಾಳುತ್ತದೆ.

ಇನ್ನೊಂದು ಬಗೆ ಅಮೆರಿಕದ್ದು. ಅಲ್ಲಿ ಬರ್ಬನ್ ವಿಸ್ಕಿಯನ್ನು ಹೊಸ, ಒಳಗೆ ಸುಟ್ಟ ಓಕ್‌ನಲ್ಲೇ ಇಡಬೇಕೆಂಬ ಕಾನೂನಿದೆ. ಹಾಗಾಗಿ ಸುಮಾರು 200 ಲೀಟರಿನ ಬಳಸಿದ ಪೀಪಾಯಿಗಳು ಧಾರಾಳವಾಗಿ ಸಿಗುತ್ತವೆ. ಅದಕ್ಕೆ ಸ್ಟೌಟ್ ಎಂಬ ಕಪ್ಪು, ಗಟ್ಟಿ ಬಿಯರ್ ತುಂಬಿ ಎಂಟರಿಂದ ಹದಿನಾಲ್ಕು ತಿಂಗಳು ಇಡುತ್ತಾರೆ. ಇಲ್ಲಿ ಆಲ್ಕೋಹಾಲ್ ಶೇ. 1-2 ಏರುವುದುಂಟು. ಆದರೆ ಅದು ಮರ ಹೀರಿಕೊಂಡಿದ್ದ ವಿಸ್ಕಿ ಬಿಯರಿಗೆ ಇಳಿದದ್ದು, ವಯಸ್ಸಿನ ಮಹಿಮೆಯಲ್ಲ. ಅದೇ ಸ್ಟೌಟನ್ನು 20 ಲೀಟರಿನ ಪುಟ್ಟ ಪೀಪಾಯಿಗೆ ಹಾಕಿದರೆ ಪ್ರತಿ ಲೀಟರಿಗೆ ತಾಗುವ ಮರ ಎರಡು ಪಟ್ಟಿಗಿಂತ ಹೆಚ್ಚು. ಆರನೇ ವಾರದಿಂದಲೇ ರುಚಿ ನೋಡುತ್ತಿರಬೇಕು, ಮರೆತರೆ ಬಾಯಿ ಒಗರುಗಟ್ಟುತ್ತದೆ. ಆವಿಯಾಗಿ ಇಳಿದ ಜಾಗವನ್ನು ಅದೇ ಬಿಯರಿನಿಂದ ತುಂಬದಿದ್ದರೆ ಗಾಳಿ ಸೇರಿ ಹುಳಿಯುತ್ತದೆ.

ಲಾಗರ್ ಎಂಬ ಹೆಸರೇ ‘ಕೂಡಿಡು’ ಎಂಬ ಅರ್ಥದ ಜರ್ಮನ್ ಮಾತಿನಿಂದ ಬಂದದ್ದಲ್ಲವೇ ಎಂದು ಕೇಳುವವರಿಗೆ: ಹೌದು. ಬವೇರಿಯಾದಲ್ಲಿ 1553ರ ಆಜ್ಞೆಯಂತೆ ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ತಯಾರಿಸುವಂತಿರಲಿಲ್ಲ. ಚಳಿಗಾಲದ ಬಿಯರನ್ನು ನೆಲಮಾಳಿಗೆಯಲ್ಲಿಟ್ಟು ಬೇಸಿಗೆ ಕಳೆಯುತ್ತಿದ್ದರು. ಆಮೇಲೆ ಮಂಜುಗಡ್ಡೆ ತುಂಬುವುದೂ, ನೆಲ ತಂಪಾಗಿರಲೆಂದು ಮೇಲೆ ಚೆಸ್ಟ್‌ನಟ್ ಮರ ಬೆಳೆಸುವುದೂ ರೂಢಿಯಾಯಿತು. ಆದರೆ ಹಾಗೆ ಕೂಡಿಡುವ ಕೆಲಸ ತಯಾರಕರದ್ದು. ಅದು ಮುಗಿದ ಮೇಲೆಯೇ ಬಾಟಲಿ ಹೊರಗೆ ಬರುತ್ತದೆ.

ಮನೆಯಲ್ಲಿ ಪಾಲಿಸಬೇಕಾದದ್ದು ಇಷ್ಟು. ಮಾಮೂಲಿ ಲಾಗರ್, ಗೋಧಿ ಬಿಯರ್, ಹಾಪ್ ಹೆಚ್ಚು ಹಾಕಿದ ಐಪಿಎ ಮೂರನ್ನೂ ಫ್ರಿಜ್‌ನಲ್ಲಿಟ್ಟು ತಾಜಾ ಇದ್ದಾಗಲೇ ಕುಡಿಯಿರಿ. ಉದ್ಯಮದಲ್ಲಿ ಬಳಕೆಯಲ್ಲಿರುವ ಅಂದಾಜು ಹೀಗಿದೆ: 32 ಡಿಗ್ರಿಯಲ್ಲಿ 3 ದಿನಕ್ಕೆ ಆಗುವ ಹಾನಿ 22 ಡಿಗ್ರಿಯಲ್ಲಿ 30 ದಿನಕ್ಕೆ, 3-4 ಡಿಗ್ರಿಯಲ್ಲಿ 300 ದಿನಕ್ಕೆ ಆಗುತ್ತದೆ. ಕಲಬುರಗಿಯ ಮೇ ತಿಂಗಳಲ್ಲಿ ಕಾರಿನ ಡಿಕ್ಕಿಯಲ್ಲಿ ಮರೆತ ಬಾಟಲಿಗೆ ಏನಾಗಿರುತ್ತದೆ ಎಂದು ನೀವೇ ಲೆಕ್ಕ ಹಾಕಿ. ತಣ್ಣಗಾಗಿದ್ದು ಒಮ್ಮೆ ಬಿಸಿಯಾದರೆ ಕೆಟ್ಟೇಹೋಯಿತು ಎಂಬುದು ಸುಳ್ಳು. ಒಟ್ಟು ಎಷ್ಟು ಹೊತ್ತು ಸೆಕೆಯಲ್ಲಿತ್ತು ಎಂಬುದೇ ಮುಖ್ಯ. ಹಸಿರು, ಬಿಳಿ ಬಾಟಲಿಗಳನ್ನು ಬಿಸಿಲಿಗೆ ತೋರಿಸಲೇಬೇಡಿ, ನಿಮಿಷಗಳಲ್ಲಿ ನಾರುತ್ತವೆ. ಮೈಕ್ರೋಬ್ರೂವರಿಯಿಂದ ತುಂಬಿಸಿ ತಂದದ್ದನ್ನು ಎರಡು ಮೂರು ದಿನದೊಳಗೆ, ತೆರೆದರೆ ಅಂದೇ ಮುಗಿಸಿ. ವಿದೇಶದಿಂದ ಯಾರಾದರೂ ಬೆಲ್ಜಿಯಂನ ಶಿಮೆ ಬಿಯರಿನ ನೀಲಿ ಲೇಬಲ್ಲನ್ನೋ ಗೂಝನ್ನೋ ತಂದುಕೊಟ್ಟರೆ ಮಾತ್ರ ಇಡುವ ಯೋಚನೆ ಮಾಡಿ: 10-13 ಡಿಗ್ರಿ, ಕತ್ತಲೆ. ಓಪನರಿನಿಂದ ಎಬ್ಬುವ ಲೋಹದ ಕ್ರೌನ್ ಮುಚ್ಚಳದ ಬಾಟಲಿ ನೆಟ್ಟಗೆ ನಿಂತಿರಲಿ, ಮಡ್ಡಿ ತಳದಲ್ಲೇ ಕೂರುತ್ತದೆ. ಬೆಂಗಳೂರಿನ ಮನೆಗಳಲ್ಲಿ ಅಂಥ ತಂಪು ಜಾಗ ಇಲ್ಲ. ವೈನ್ ಫ್ರಿಜ್ ಇಲ್ಲದಿದ್ದರೆ ಮಾಮೂಲಿ ಫ್ರಿಜ್‌ನ ಹಿಂಬದಿ ಆದೀತು.

ಕೆಡುವ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಕೆಡದಿರಲೆಂದು ಬಿಯರಿಗೆ ಗ್ಲಿಸರಿನ್ ಸುರಿಯುತ್ತಾರೆ, ಬಾಟಲಿಯನ್ನು ನೀರಿನ ಲೋಟದಲ್ಲಿ ತಲೆಕೆಳಗಾಗಿ ಹಿಡಿದರೆ ಅದು ಇಳಿದುಹೋಗುತ್ತದೆ ಎನ್ನುವವರು ಊರೂರಲ್ಲಿ ಇದ್ದಾರೆ. ಬಾಯಿ ನೀರಿಗೆ ಮುಟ್ಟಿದೊಡನೆ ಎಣ್ಣೆಯಂಥ ಎಳೆಗಳು ನುಲಿಯುತ್ತ ಇಳಿಯುವುದು ಕಾಣುತ್ತದೆ, ನಿಜ. ಇಳಿಯುತ್ತಿರುವುದು ಬಿಯರೇ. ಡೆಕ್ಸ್‌ಟ್ರಿನ್ ಇರುವುದರಿಂದ ಅದು ನೀರಿಗಿಂತ ಲೀಟರಿಗೆ ಕೆಲವು ಗ್ರಾಂ ಭಾರ. ಕೆಳಗಿಳಿಯುತ್ತದೆ, ಅಷ್ಟೇ ನೀರು ಕತ್ತಿನೊಳಗೆ ಮೇಲೇರುತ್ತದೆ. ಹಾಗೆ ಮಾಡಿದವರು ಆಮೇಲೆ ಕುಡಿಯುವುದು ನೀರು ಬೆರೆತ ಬಿಯರ್. ಬಿಯರ್ ಹುದುಗುವಾಗ ಗ್ಲಿಸರಿನ್ ತಾನಾಗಿಯೇ ಲೀಟರಿಗೆ ಒಂದೆರಡು ಗ್ರಾಂ ಹುಟ್ಟುತ್ತದೆ. ಅದು ಬಿಯರಿನಲ್ಲಿ ಪೂರ್ತಿ ಕರಗಿರುತ್ತದೆ, ಬೇರೆಯಾಗಿ ಇಳಿಯಲಾರದು. ಖಾಲಿ ಬಾಟಲಿಗೆ ನೀರು ತುಂಬಿ, ಎರಡು ಚಮಚ ಸಕ್ಕರೆ, ಸ್ವಲ್ಪ ಚಹಾ ಡಿಕಾಕ್ಷನ್ ಹಾಕಿ ಕಲಕಿ. ಅದನ್ನೂ ಹಾಗೇ ತಲೆಕೆಳಗಾಗಿ ಹಿಡಿಯಿರಿ. ಅದೇ ಎಳೆಗಳು, ಅದೇ ನುಲಿತ, ಲೋಟದ ತಳದವರೆಗೆ.