ಹುಸೇನರ ತಾಯಿಗೆ ಮುಖವೇಕಿಲ್ಲ?

ಓದುಗರ ಪ್ರಶ್ನೆ: ಎಂ.ಎಫ್. ಹುಸೇನರು ಬರೆದ ಮದರ್ ತೆರೇಸಾ ಚಿತ್ರಗಳಲ್ಲಿ ಮಡಿಲಲ್ಲಿ ಮಗುವಿದೆ, ತಾಯಿಗೆ ಮಾತ್ರ ಮುಖವಿಲ್ಲ. ಇಂಥ ಅಮೂರ್ತ ಚಿತ್ರವನ್ನು ಅರ್ಥ ಮಾಡಿಕೊಳ್ಳುವುದು ಹೇಗೆ?

ಉತ್ತರ: ಎಷ್ಟು ಸಲ ಉತ್ತರಿಸಿದರೂ ಈ ಪ್ರಶ್ನೆ ಮರಳಿ ಬರುತ್ತದೆ, ಅದರ ಬೆನ್ನಿಗೇ ‘ಮುಖ ಬರೆಯಲು ಬಾರದವರು ಬಣ್ಣ ಬಳಿದು ಅದನ್ನೇ ನವ್ಯಕಲೆ ಎನ್ನುತ್ತಾರೆ’ ಎಂಬ ತೀರ್ಪೂ ಬರುತ್ತದೆ. ಆ ತೀರ್ಪನ್ನು ತಲೆಯಲ್ಲಿಟ್ಟುಕೊಂಡು ನಿಂತವರಿಗೆ ಚಿತ್ರದಲ್ಲಿ ಇಲ್ಲದ್ದಷ್ಟೇ ಕಾಣುವುದರಿಂದ ಮೊದಲು ಅದನ್ನೇ ಪರಿಶೀಲಿಸಬೇಕು.

ಹುಸೇನರು ಯೌವನದಲ್ಲಿ ಮುಂಬಯಿಯಲ್ಲಿ ಹೊಟ್ಟೆಪಾಡಿಗಾಗಿ ಸಿನಿಮಾ ಹೋರ್ಡಿಂಗುಗಳನ್ನು ಬರೆದವರು. ಆ ಕಸುಬಿನಲ್ಲಿ ಮುಖವೇ ಬಂಡವಾಳ. ರಸ್ತೆಯ ಆಚೆ ಬದಿಯಲ್ಲಿ ಅವಸರದಿಂದ ಹೋಗುವವನಿಗೂ ನಾಯಕಿ ಯಾರೆಂದು ತಕ್ಷಣ ಗೊತ್ತಾಗಬೇಕು. ಕಣ್ಣೋ ತುಟಿಯೋ ತುಸು ತಪ್ಪಿದರೂ ಆ ಫಲಕ ಕೆಲಸಕ್ಕೆ ಬಾರದು. ಆಳೆತ್ತರದ ಮುಖಗಳನ್ನು ಬರೆದು ಪಳಗಿದ ಕೈ ಒಂದು ಮುಖವನ್ನು ಖಾಲಿ ಬಿಟ್ಟಿದೆಯೆಂದರೆ ಅದು ಬೇಕೆಂದೇ ಬಿಟ್ಟದ್ದು. ಇದಕ್ಕೆ ಸಾಕ್ಷಿ ಚಿತ್ರದೊಳಗೇ ಇದೆ: ಅನೇಕ ಚಿತ್ರಗಳಲ್ಲಿ ಸೆರಗಿನೊಳಗಿನ ಮುಖದ ಜಾಗ ಕಪ್ಪಾಗಿ ಬರಿದಾಗಿದ್ದರೂ ಮಗುವನ್ನು ಹಿಡಿದ ಕೈಗಳನ್ನು ಅಷ್ಟೇ ಕಾಳಜಿಯಿಂದ ಬರೆಯಲಾಗಿದೆ.

ಇನ್ನು ನೋಡುವ ಬಗೆ. ಬಿಳಿ ಸೀರೆಯ ನೀಲಿ ಅಂಚನ್ನು ಹಿಡಿದು ಕಣ್ಣನ್ನು ನಡೆಸಿ. ತಲೆಯನ್ನು ಬಳಸಿ, ಹೆಗಲಿನಿಂದಿಳಿದು, ಮಡಿಲಿನ ಬಾಗು ತೋರಿಸುವ ಆ ಪಟ್ಟೆಗಳೇ ಇಡೀ ದೇಹದ ರೇಖೆಯಾಗುತ್ತವೆ. ಆಕೆ ಯಾರೆಂದು ಹೇಳುವ ಕೆಲಸವನ್ನೂ ಅಂಚೇ ಮಾಡಿರುವುದರಿಂದ ಮುಖಕ್ಕೆ ಆ ಹೊಣೆ ಉಳಿದಿಲ್ಲ. ಮಡಿಲಿನಲ್ಲಿ ಅಡ್ಡಲಾಗಿ ಒರಗಿದ ದೇಹವಿರುವ ಚಿತ್ರಗಳಲ್ಲಿ ಮೃತ ಯೇಸುವನ್ನು ಮಡಿಲಲ್ಲಿಟ್ಟುಕೊಂಡ ತಾಯಿ ಮೇರಿಯನ್ನು ತೋರಿಸುವ ಮೈಕೆಲೆಂಜೆಲೊನ ಪಿಯೆಟಾ ಶಿಲ್ಪದ ನೆನಪೂ ಬರುತ್ತದೆ.

ತೆರೇಸಾ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂದದ್ದು 1979ರಲ್ಲಿ. ಈ ಸರಣಿ ಬೆಳೆದದ್ದು ಆ ಬಳಿಕ. ಆದರೆ ಅದರ ಬೇರು ಇನ್ನೂ ಹಿಂದಿನದು. ಪಂಢರಪುರದಲ್ಲಿ ಹುಟ್ಟಿದ ಹುಸೇನರು ಎಳೆಗೂಸಾಗಿದ್ದಾಗಲೇ ತಾಯಿ ಜೈನಬ್ ತೀರಿಕೊಂಡರು, ಆಕೆಯ ಮುಖ ಮಗನ ನೆನಪಿನಲ್ಲಿ ಉಳಿಯಲಿಲ್ಲ. ಈ ಸಂಗತಿಯನ್ನು ನಾನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ, ಏಕೆಂದರೆ ಮೊದಲೇ ಹೇಳಿದರೆ ಓದುಗರು ಉತ್ತರ ಸಿಕ್ಕಿತೆಂದು ಚಿತ್ರ ನೋಡುವುದನ್ನೇ ನಿಲ್ಲಿಸುತ್ತಾರೆ.

ಯಾರೂ ಕೇಳದ ಇನ್ನೊಂದು ಪ್ರಶ್ನೆಯೂ ಇಲ್ಲಿದೆ: ಇದು ನಿಜಕ್ಕೂ ಅಮೂರ್ತವೇ? ಕಟ್ಟುನಿಟ್ಟಾಗಿ ಹೇಳಿದರೆ ಅಲ್ಲ. ತಾಯಿ, ಮಗು, ಸೀರೆ ಮೂರನ್ನೂ ಗುರುತಿಸಬಹುದಾದ್ದರಿಂದ ಇದು ಸರಳಗೊಳಿಸಿದ ಆಕೃತಿಚಿತ್ರ. ಅಮೂರ್ತವನ್ನೇ ನೋಡಬೇಕೆಂದಿದ್ದರೆ ಹುಸೇನರ ಸಮಕಾಲೀನ ವಿ.ಎಸ್. ಗಾಯತೊಂಡೆಯವರ ಪ್ರೌಢ ಕೃತಿಗಳ ಮುಂದೆ ನಿಲ್ಲಬೇಕು. ಅಲ್ಲಿ ಬಣ್ಣದ ಪದರಗಳೂ ಬೆಳಕೂ ಇವೆಯೇ ಹೊರತು ಹುಡುಕಲು ಯಾವ ಮುಖವೂ ಇಲ್ಲ.