ಮೆಕ್ಯಾನಿಕಲ್ ಓದಿದವರಿಗೆ ಚಿಪ್ ಫ್ಯಾಬ್‌ನಲ್ಲಿ ಕೆಲಸ ಸಿಗುತ್ತದೆಯೇ?

ಪ್ರಶ್ನೆ: ಮೆಕ್ಯಾನಿಕಲ್ ಬಿಇ ಕೊನೆಯ ವರ್ಷದಲ್ಲಿದ್ದೇನೆ. ಚಿಪ್ ತಯಾರಿಸುವ ಕಾರ್ಖಾನೆಯಲ್ಲಿ (ಫ್ಯಾಬ್) ಎಕ್ವಿಪ್‌ಮೆಂಟ್ ಎಂಜಿನಿಯರ್ ಕೆಲಸಕ್ಕೆ ಎಲೆಕ್ಟ್ರಾನಿಕ್ಸ್‌ನವರನ್ನು ಮಾತ್ರ ತೆಗೆದುಕೊಳ್ಳುತ್ತಾರಾ? ಸಂಬಳ ಎಷ್ಟಿರುತ್ತದೆ?

ಉತ್ತರ: ಹಾಗೇನಿಲ್ಲ. ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಮೆಕಾಟ್ರಾನಿಕ್ಸ್ ಓದಿದವರನ್ನೂ ತೆಗೆದುಕೊಳ್ಳುತ್ತಾರೆ. ಸರ್ಕ್ಯೂಟ್ ವಿನ್ಯಾಸ ಬೇರೆಯವರ ಕೆಲಸ. ವೇಫರ್ (ಚಿಪ್‌ಗಳು ರೂಪುಗೊಳ್ಳುವ ತೆಳು ಸಿಲಿಕಾನ್ ಬಿಲ್ಲೆ) ಮೇಲೆ ಯಾವ ಅನಿಲ, ಎಷ್ಟು ಹೊತ್ತು ಎಂದು ತೀರ್ಮಾನಿಸುವವರು ಪ್ರೋಸೆಸ್ ಎಂಜಿನಿಯರ್. ಆ ಕೆಲಸ ಮಾಡುವ ಯಂತ್ರ ಹಗಲೂ ರಾತ್ರಿ ಕೆಡದೆ ಓಡುವಂತೆ ನೋಡಿಕೊಳ್ಳುವುದು ಎಕ್ವಿಪ್‌ಮೆಂಟ್ ಎಂಜಿನಿಯರ್ ಹೊಣೆ. ಪಂಪು, ವಾಲ್ವು, ರೋಬಾಟ್ ತೋಳು, ಕೂಲಿಂಗ್ ನೀರಿನ ಲೈನು ಎಲ್ಲವೂ ನಿಮಗೆ ಪರಿಚಯದ ಸಾಮಾನುಗಳೇ.

ನಿಮಗೆ ಕಡಿಮೆ ಬೀಳುವುದು ವ್ಯಾಕ್ಯೂಮ್ (ನಿರ್ವಾತ) ಜ್ಞಾನ. ಸಂದರ್ಶನದಲ್ಲಿ ಇಂಥ ಪ್ರಶ್ನೆಗೆ ತಯಾರಾಗಿ: ಸರ್ವಿಸ್ ಮುಗಿಸಿ ಚೇಂಬರ್ (ಯಂತ್ರದೊಳಗೆ ವೇಫರ್ ಇಡುವ, ಗಾಳಿ ಹೊರತೆಗೆಯುವ ಪೆಟ್ಟಿಗೆ) ಮುಚ್ಚಿದ್ದೀರಿ, ಪಂಪ್ ಓಡುತ್ತಿದೆ, ಆದರೂ ಒತ್ತಡ ಇಳಿಯಬೇಕಾದಷ್ಟು ಇಳಿಯುತ್ತಿಲ್ಲ. ಮುಂದೇನು?

ಪಂಪ್ ಕೆಟ್ಟಿದೆ ಎಂದು ಬಿಚ್ಚಲು ಹೋಗಬೇಡಿ. ಚೇಂಬರ್ ಮತ್ತು ಪಂಪ್ ನಡುವಿನ ವಾಲ್ವ್ ಮುಚ್ಚಿ, ಗ್ಯಾಸ್ ಲೈನ್‌ಗಳನ್ನೂ ಮುಚ್ಚಿ, 10 ನಿಮಿಷ ಪ್ರತಿ ನಿಮಿಷದ ಒತ್ತಡ ಬರೆದುಕೊಳ್ಳಿ. ಗೆರೆ ಎಳೆದಂತೆ ಒಂದೇ ಸಮನೆ ಏರಿದರೆ ಹೊರಗಿನ ಗಾಳಿ ನುಗ್ಗುತ್ತಿದೆ. ಮೊದಲು ಜೋರಾಗಿ ಏರಿ ಆಮೇಲೆ ನಿಧಾನವಾದರೆ ಅದು ಹೆಚ್ಚಾಗಿ ಒಳಗೋಡೆಗೆ ಅಂಟಿದ ತೇವ. ಚೇಂಬರ್ ಬಿಸಿ ಮಾಡಿ ಇನ್ನಷ್ಟು ಹೊತ್ತು ಪಂಪ್ ಓಡಿಸಿದರೆ ಹೋಗುತ್ತದೆ. ಲೀಕ್ ಇದ್ದರೆ ಹೀಲಿಯಂ ಲೀಕ್ ಡಿಟೆಕ್ಟರ್ (ಹೊರಗೆ ಊದಿದ ಹೀಲಿಯಂ ಒಳಗೆ ನುಗ್ಗಿದರೆ ಪತ್ತೆ ಹಚ್ಚುವ ಸಾಧನ) ಜೋಡಿಸಿ, ಈಗಷ್ಟೇ ಬಿಚ್ಚಿ ಕೂರಿಸಿದ ಜಾಯಿಂಟ್‌ಗಳನ್ನು ಮೊದಲು ನೋಡಿ. ಹೀಲಿಯಂ ಮೇಲಕ್ಕೇರುವ ಅನಿಲ, ಹಾಗಾಗಿ ಮೇಲಿನಿಂದ ಕೆಳಕ್ಕೆ ಊದುತ್ತ ಬನ್ನಿ. ಕೆಳಗಿನಿಂದ ಶುರು ಮಾಡಿದರೆ ಮೇಲಿನ ಜಾಯಿಂಟ್‌ನ ಲೀಕ್ ಕೆಳಗಿನದ್ದೆಂದು ತೋರುತ್ತದೆ. ಓ-ರಿಂಗ್ (ಜಾಯಿಂಟ್ ಬಿಗಿಯಾಗಿ ಮುಚ್ಚುವ ರಬ್ಬರ್ ಬಳೆ) ಮೇಲೆ ಕೂತ ಒಂದು ಕೂದಲು, ಅದು ಕೂರುವ ತೋಡಿನಲ್ಲಿ ಬಿದ್ದ ಗೀರು, ಎದುರುಬದುರು ಬಿಗಿಯದೆ ಸಾಲಾಗಿ ಬಿಗಿದ ಬೋಲ್ಟು, ಕಾರಣ ಇಷ್ಟು ಸಣ್ಣದಿರಬಹುದು. ಬರಿಗೈಯಲ್ಲಿ ಮುಟ್ಟಿದ ಬೆರಳಚ್ಚಿನ ಜಿಡ್ಡೂ ಗಂಟೆಗಟ್ಟಲೆ ಆವಿ ಬಿಡುತ್ತದೆ.

ಚೇಂಬರ್ ತೆರೆಯುವ ಮುನ್ನ ವಿದ್ಯುತ್ತಿಗೆ ಬೀಗ ಹಾಕಿ ನಿಮ್ಮ ಟ್ಯಾಗ್ ತೂಗಿಸಬೇಕು, ಗ್ಯಾಸ್ ಲೈನ್‌ಗಳನ್ನು ನೈಟ್ರೋಜನ್‌ನಿಂದ ತೊಳೆಯಬೇಕು. ಸಿಲೇನ್ ಅನಿಲ ಗಾಳಿ ತಗುಲಿದರೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಹಾಗಾಗಿ ಬೀಗ ಹಾಕುವುದನ್ನು, ಲೈನ್ ತೊಳೆಯುವುದನ್ನು ಒಂದು ದಿನವೂ ಬಿಡಬಾರದು.

ಕಲಿಯಲು ಬೆಂಗಳೂರಿನ ಐಐಎಸ್‌ಸಿಯ ನ್ಯಾನೋ ವಿಜ್ಞಾನ ಕೇಂದ್ರದಲ್ಲಿ ಕ್ಲೀನ್‌ರೂಮ್ (ಚಿಪ್ ಕೆಲಸಕ್ಕೆ ಬೇಕಾದ ಧೂಳಿಲ್ಲದ ಕೋಣೆ) ಇದೆ; ಅಲ್ಲಿನ ತರಬೇತಿ ಪ್ರಕಟಣೆಗಳನ್ನು ಗಮನಿಸುತ್ತಿರಿ. ಡಿಪ್ಲೊಮಾದವರಿಗೆ ಜಿಟಿಟಿಸಿ, ಎನ್‌ಟಿಟಿಎಫ್ ತರಬೇತಿ ಸಂಸ್ಥೆಗಳ ಮೆಕಾಟ್ರಾನಿಕ್ಸ್ ಒಳ್ಳೆಯ ದಾರಿ.

ಕೆಲಸ ಎಲ್ಲಿ? ಕರ್ನಾಟಕದಲ್ಲಿ ದೊಡ್ಡ ಸಿಲಿಕಾನ್ ಫ್ಯಾಬ್ ಇಲ್ಲ, ಊರು ಬಿಡುವ ಮನಸ್ಸಿರಬೇಕು. ಗುಜರಾತಿನ ಧೋಲೇರಾದಲ್ಲಿ ತೈವಾನಿನ ಪವರ್‌ಚಿಪ್ ಸಹಯೋಗದ ಟಾಟಾ ಫ್ಯಾಬ್‌ಗೆ 2024ರಲ್ಲಿ ಶಂಕುಸ್ಥಾಪನೆಯಾಯಿತು. ಸಾನಂದದಲ್ಲಿ ಮೈಕ್ರಾನ್ ಮತ್ತು ನಮ್ಮ ಮೈಸೂರಿನ ಕೇನ್ಸ್, ಅಸ್ಸಾಮಿನ ಜಾಗಿರೋಡ್‌ನಲ್ಲಿ ಟಾಟಾ. ಇವು ಪ್ಯಾಕೇಜಿಂಗ್ ಮತ್ತು ಟೆಸ್ಟಿಂಗ್ (ತಯಾರಾದ ಚಿಪ್‌ಗೆ ಕವಚ ಹಾಕಿ ಪರೀಕ್ಷಿಸುವ) ಘಟಕಗಳು. ಮೊಹಾಲಿಯ ಸರ್ಕಾರಿ ಎಸ್‌ಸಿಎಲ್ (ಸೆಮಿಕಂಡಕ್ಟರ್ ಲ್ಯಾಬೊರೇಟರಿ) ಹಳೆಯ ಫ್ಯಾಬ್. ಯಂತ್ರ ತಯಾರಿಸುವ ಅಪ್ಲೈಡ್ ಮೆಟೀರಿಯಲ್ಸ್, ಲ್ಯಾಮ್ ರಿಸರ್ಚ್ ಬೆಂಗಳೂರಿನಲ್ಲೇ ಇವೆ. ಇಂಥ ಕಂಪನಿಗಳ ಫೀಲ್ಡ್ ಸರ್ವಿಸ್ ಕೆಲಸದಲ್ಲಿ ಓಡಾಟ ಜಾಸ್ತಿ, ಕಲಿಕೆಯೂ ಜಾಸ್ತಿ.

ಸಂಬಳಕ್ಕೆ ಬಂದರೆ, ಹೊಸ ಬಿಇಗೆ ವರ್ಷಕ್ಕೆ ಸುಮಾರು 4ರಿಂದ 7 ಲಕ್ಷ ನಿರೀಕ್ಷಿಸಿ. ಆದರೆ ಸಿಟಿಸಿ (ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ನೋಡಿ ಹಿಗ್ಗಬೇಡಿ. 5 ಲಕ್ಷದ ಪತ್ರದಲ್ಲಿ ಮೂಲವೇತನ 2.5 ಲಕ್ಷ, ವೇರಿಯಬಲ್ (ಸಾಧನೆ ನೋಡಿ ಕೊಡುವ ಭಾಗ) 50,000 ಎಂದಿಟ್ಟುಕೊಳ್ಳಿ. ಆ ವೇರಿಯಬಲ್, ಕಂಪನಿಯ ಪಿಎಫ್ 30,000, ಗ್ರಾಚ್ಯುಟಿ ಸುಮಾರು 12,000, ನಿಮ್ಮ ಪಿಎಫ್ ಮತ್ತೆ 30,000, ವೃತ್ತಿ ತೆರಿಗೆ ಸುಮಾರು 2,400 ಕಳೆದರೆ ತಿಂಗಳಿಗೆ ಕೈಗೆ ಬರುವುದು ಹತ್ತಿರ ಹತ್ತಿರ 31,300 ರೂಪಾಯಿ. ರಾತ್ರಿ ಪಾಳಿಯ ಭತ್ಯೆ ಇದರೊಳಗೇ ಸೇರಿದೆಯೋ, ಬೇರೆ ಕೊಡುತ್ತಾರೋ ಎಂದು ಎಚ್‌ಆರ್ ಅವರನ್ನು ಕೇಳಿ. ವಿದೇಶಿ ತರಬೇತಿಗೆ ಬಾಂಡ್ ಬರೆಸಿಕೊಂಡರೆ, ಸೇವೆ ಮಾಡಿದಷ್ಟು ತಿಂಗಳಿಗೆ ಬಾಂಡ್ ಮೊತ್ತ ಇಳಿಯುತ್ತದೆಯೇ ಎಂಬುದನ್ನು ಸಹಿ ಹಾಕುವ ಮೊದಲೇ ಬರವಣಿಗೆಯಲ್ಲಿ ಪಡೆಯಿರಿ.