ಹುಬ್ಬಳ್ಳಿಯ ಸ್ಟಾರ್ಟಪ್ ಕೂಟಗಳಿಗೆ ಜನ ಎಲ್ಲಿಂದ ಬಂದರು?

ಹುಬ್ಬಳ್ಳಿ-ಧಾರವಾಡದಲ್ಲಿ ಈಗ ಸ್ಟಾರ್ಟಪ್ ಕಾರ್ಯಕ್ರಮಗಳಿಗೆ ಬರ ಇಲ್ಲ. ಗೋಕುಲ ರಸ್ತೆ ಕಡೆ ಹೋದರೆ ಪಿಚಿಂಗ್ (ಐದೇ ನಿಮಿಷದಲ್ಲಿ ಯೋಚನೆ ಮಂಡಿಸುವ) ಸ್ಪರ್ಧೆ, ವಿದ್ಯಾನಗರದ ಕಾಲೇಜಿನಲ್ಲಿ ಹ್ಯಾಕಥಾನ್ (ತಂಡ ಕಟ್ಟಿಕೊಂಡು ಒಂದೆರಡು ದಿನದಲ್ಲಿ ತಂತ್ರಜ್ಞಾನದ ಪರಿಹಾರ ತಯಾರಿಸುವ ಸ್ಪರ್ಧೆ), ಧಾರವಾಡದ ಕೃಷಿ ಮೇಳದಲ್ಲಿ ಹೊಸ ಯಂತ್ರಗಳ ಮಳಿಗೆ. ಕಂಪನಿ ಕಟ್ಟುವ ಆಸೆ ಇಲ್ಲದವರೂ ಸುಮ್ನೆ ನೋಡಲಿಕ್ಕೆ ಅಂತ ಬರುತ್ತಾರೆ. ಬೆಂಗಳೂರಿನಿಂದ 400 ಕಿ.ಮೀ. ಆಚೆಗಿನ ಊರಿಗೆ ಈ ಗುಂಗು ಹೇಗೆ ಹತ್ತಿತು? ಸರ್ಕಾರ ಕಟ್ಟಡ ಕಟ್ಟಿತು, ಆಮೇಲೆ ಜನ ಬಂದರು ಅಂತ ಹೇಳಿಬಿಟ್ಟರೆ ತಪ್ಪಾಗುತ್ತದೆ. ಕಟ್ಟಡ ಮೊದಲೇ ಬಂದಿತ್ತು. ಜನ ಬಂದಿರಲಿಲ್ಲ.

ಇಂದಿರಾ ಗಾಜಿನ ಮನೆಯ ಎದುರಿಗಿರುವ ಐಟಿ ಪಾರ್ಕ್ ಗೊತ್ತಲ್ಲ? 2000ರ ದಶಕದ ಆರಂಭದಲ್ಲಿ, ಬೆಂಗಳೂರಿನ ಸಾಫ್ಟ್‌ವೇರ್ ಭರಾಟೆ ಜೋರಾಗಿದ್ದಾಗ, ಅದು ಎದ್ದು ನಿಂತಿತು. ದೊಡ್ಡ ಕಂಪನಿಗಳು ಬಂದು ಮಹಡಿ ಮಹಡಿ ತುಂಬುತ್ತವೆ ಅಂತ ಎಲ್ಲರ ಲೆಕ್ಕ. ಅವು ಬರಲಿಲ್ಲ. ಬೆಂಗಳೂರಿಗೆ ಸಲೀಸಾಗಿ ಹೋಗಿ ಬರುವಷ್ಟು ವಿಮಾನಗಳಿರಲಿಲ್ಲ, ಅನುಭವ ಇದ್ದ ಎಂಜಿನಿಯರುಗಳೆಲ್ಲ ಆಗಲೇ ಊರು ಬಿಟ್ಟಾಗಿತ್ತು. ಪಾರ್ಕಿನ ಬಹಳಷ್ಟು ಜಾಗ ವರ್ಷಗಟ್ಟಲೆ ಖಾಲಿ ಬಿತ್ತು. ಕೊನೆಗೆ 2015ರಲ್ಲಿ ಧಾರವಾಡದ ಐಐಐಟಿ ಶುರುವಾದಾಗ ಅದರ ತರಗತಿಗಳಿಗೆ ಜಾಗ ಸಿಕ್ಕಿದ್ದು ಅಲ್ಲೇ. ಗೋಕುಲ ರಸ್ತೆಯ ಇನ್ಫೋಸಿಸ್ ಕ್ಯಾಂಪಸ್ಸಿನದೂ ಹೆಚ್ಚುಕಮ್ಮಿ ಇದೇ ಪಾಡು. ಕಟ್ಟಿ ಮುಗಿದರೂ ಬಾಗಿಲು ತೆರೆಯಲಿಲ್ಲ. ಊರಿನ ಹುಡುಗರು ಟ್ವಿಟರ್‌ನಲ್ಲಿ ಅಭಿಯಾನವನ್ನೇ ನಡೆಸಿದರು. ಅಲ್ಲಿ ಕೆಲಸ ಶುರುವಾಗಿದ್ದು 2022ರಲ್ಲಿ.

ಹಾಗಂತ ಈ ಊರಿಗೆ ಉದ್ಯಮ ಹೊಸದಲ್ಲ. ರೈಲ್ವೆ ವರ್ಕ್‌ಶಾಪ್ ಇಲ್ಲಿಗೆ ಬಂದಿದ್ದು 1880ರ ದಶಕದಲ್ಲಿ. ಫಿಟ್ಟರ್, ಟರ್ನರ್, ವೆಲ್ಡರ್ ಅಂದರೆ ಹುಬ್ಬಳ್ಳಿಯ ಮನೆಮನೆಗೂ ಪರಿಚಯದ ಮಾತು. ಮುಂದೆ ಗೋಕುಲ ರಸ್ತೆಯ ಕೈಗಾರಿಕಾ ವಸಾಹತು ಬೆಳೆಯಿತು. ಬಿಡಿಕೆ, ಮೈಕ್ರೋಫಿನಿಶ್‌ನಂಥ ಕಂಪನಿಗಳಿಂದಾಗಿ ಕೈಗಾರಿಕಾ ವಾಲ್ವ್‌ಗಳಿಗೆ ಹುಬ್ಬಳ್ಳಿ ಹೆಸರಾಯಿತು. ಗದಗಿನ ವಿಜಯ ಸಂಕೇಶ್ವರ ಅವರು 1976ರಲ್ಲಿ ಒಂದೇ ಲಾರಿ ಇಟ್ಟುಕೊಂಡು ಶುರು ಮಾಡಿದ ಸಾಗಣೆ ವ್ಯವಹಾರ ಹುಬ್ಬಳ್ಳಿಗೆ ಬಂದು ವಿಆರ್‌ಎಲ್ ಆಗಿ ಬೆಳೆದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಇನ್ನೂ ಹಿಂದಕ್ಕೆ ಹೋದರೆ, 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಸೇರಿಸಿ ಸಹಕಾರಿ ಸಂಘ ಕಟ್ಟಿದರು. ಸಾಲಕ್ಕೆ ಸಾಹುಕಾರನ ಬಾಗಿಲು ಕಾಯುವ ಬದಲು ತಮ್ಮೊಳಗೇ ಬಂಡವಾಳ ಕೂಡಿಸುವ ಯೋಚನೆ ಅದು. ಇವರನ್ನೆಲ್ಲ ಯಾರೂ ಸ್ಟಾರ್ಟಪ್ ಅನ್ನಲಿಲ್ಲ, ಅಷ್ಟೇ.

ಧಾರವಾಡದ ಚಾಳಿಯೇ ಬೇರೆ. ಅಲ್ಲಿ ನಾಲ್ಕು ಜನ ಸೇರಿದರೆ ಸಭೆ. ಕರ್ನಾಟಕ ವಿದ್ಯಾವರ್ಧಕ ಸಂಘ 1890ರಿಂದ ಸಭೆ ನಡೆಸುತ್ತಲೇ ಇದೆ. ಮನೋಹರ ಗ್ರಂಥಮಾಲೆಯ ಅಟ್ಟದ ಮೇಲೆ ಲೇಖಕರು ಕೂತು ವಾದ ಮಾಡಿದ್ದನ್ನು ಊರಿನವರು ಈಗಲೂ ನೆನೆಯುತ್ತಾರೆ. ದುಡಿಯುವ ಹುಬ್ಬಳ್ಳಿ, ಮಾತಾಡುವ ಧಾರವಾಡ ಅಂತ ತಮಾಷೆ ಮಾಡುವುದುಂಟು. 1962ರಿಂದ ಎರಡಕ್ಕೂ ಒಂದೇ ಮಹಾನಗರ ಪಾಲಿಕೆ ಇದ್ದರೂ ಈ ತಮಾಷೆ ನಿಂತಿಲ್ಲ. ಸ್ಟಾರ್ಟಪ್ ಲೋಕಕ್ಕೆ ಇವೆರಡೂ ಬೇಕಿತ್ತು. ಎರಡನ್ನೂ ಒಂದೇ ಕೋಣೆಗೆ ಕರೆತರುವವರು ಯಾರಾದರೂ ಬೇಕಿತ್ತು.

ಆ ಕೆಲಸ ಶುರುವಾಗಿದ್ದು 2007ರ ಸುಮಾರಿಗೆ. ಹುಬ್ಬಳ್ಳಿಯಲ್ಲಿ ಹುಟ್ಟಿ, ಮದ್ರಾಸ್ ಐಐಟಿಯಲ್ಲಿ ಓದಿ, ಅಮೆರಿಕದಲ್ಲಿ ಸಿಕಮೋರ್ ನೆಟ್‌ವರ್ಕ್ಸ್ ಅನ್ನುವ ನೆಟ್‌ವರ್ಕ್ ಉಪಕರಣಗಳ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಗುರುರಾಜ ದೇಶಪಾಂಡೆ ಮತ್ತು ಅವರ ಪತ್ನಿ ಜಯಶ್ರೀ ಅವರ ದೇಶಪಾಂಡೆ ಫೌಂಡೇಶನ್ ಇಲ್ಲಿ 'ಸ್ಯಾಂಡ್‌ಬಾಕ್ಸ್' ಅನ್ನುವ ಪ್ರಯೋಗಕ್ಕೆ ಕೈ ಹಾಕಿತು. ಮೊದಲು ಅವರ ಗಮನ ಇದ್ದಿದ್ದು ಸಾಮಾಜಿಕ ಸಂಸ್ಥೆಗಳ ಮೇಲೆ, ಕಂಪನಿಗಳ ಮೇಲಲ್ಲ. ಹಳ್ಳಿಗಳಲ್ಲಿ ಕೆಲಸ ಮಾಡುವವರನ್ನು ವರ್ಷಕ್ಕೊಮ್ಮೆ 'ಡೆವಲಪ್‌ಮೆಂಟ್ ಡೈಲಾಗ್' ಹೆಸರಿನಲ್ಲಿ ಒಂದು ಕಡೆ ಸೇರಿಸಿದರು. 'ಲೀಡ್' ಕಾರ್ಯಕ್ರಮದಲ್ಲಿ ಕಾಲೇಜು ಹುಡುಗ ಹುಡುಗಿಯರಿಗೆ, ನಿಮ್ಮೂರಿನ ಒಂದು ಸಮಸ್ಯೆ ಹಿಡಿದು ಏನಾದರೂ ಮಾಡಿ ನೋಡಿ ಅಂದರು. ಸ್ಟಾರ್ಟಪ್‌ಗಳ ಮಾತು ಮುಂಚೂಣಿಗೆ ಬಂದದ್ದು ಆಮೇಲೆ. ನನಗೆ ಅನ್ನಿಸುವುದು, ಈ ಕ್ರಮದಿಂದಲೇ ಒಳ್ಳೆಯದಾಯಿತು. ಇಲ್ಲಿನ ಕೂಟಗಳಲ್ಲಿ ಆ್ಯಪ್‌ಗಿಂತ ಕೃಷಿ, ಆರೋಗ್ಯ, ಯಂತ್ರಗಳ ಮಾತು ಜಾಸ್ತಿ ಕೇಳಿಬರಲು ಅದೂ ಒಂದು ಕಾರಣ.

ಇದಕ್ಕೂ ಮೊದಲೇ ಇನ್ನೊಂದು ಪ್ರಯೋಗ ಸದ್ದಿಲ್ಲದೆ ನಡೆದಿತ್ತು. 2005ರಲ್ಲಿ ವಿವೇಕ ಪವಾರ್ ಹುಬ್ಬಳ್ಳಿಯಲ್ಲಿ ಸಂಕಲ್ಪ ಸೆಮಿಕಂಡಕ್ಟರ್ ಶುರು ಮಾಡಿದರು. ಚಿಪ್ ವಿನ್ಯಾಸದ ಕೆಲಸ, ಅದೂ ಹುಬ್ಬಳ್ಳಿಯಲ್ಲಿ! ಇಲ್ಲಿನ ಎಂಜಿನಿಯರಿಂಗ್ ಪದವೀಧರರನ್ನು ಇಲ್ಲೇ ತರಬೇತು ಮಾಡಿ ಕಂಪನಿ ಬೆಳೆಸಿದರು. 2019ರಲ್ಲಿ ಎಚ್‌ಸಿಎಲ್ ಅದನ್ನು ಸುಮಾರು 180 ಕೋಟಿ ರೂಪಾಯಿಗೆ ಕೊಳ್ಳುವುದಾಗಿ ಘೋಷಿಸಿತು. 'ಇಲ್ಲಿ ಕೂತು ಇಂಥದ್ದು ಆಗುತ್ತಾ' ಅನ್ನುವವರಿಗೆ ತೋರಿಸಲು ಊರಿಗೆ ಒಂದು ಉದಾಹರಣೆ ಸಿಕ್ಕಿತು.

ಮುಂದಿನದೆಲ್ಲ ಬೇಗ ಬೇಗ ಆಯಿತು. 1947ರಲ್ಲಿ ಶುರುವಾದ ಬಿವಿಬಿ ಕಾಲೇಜು, ಅಂದರೆ ಈಗಿನ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ, ಕ್ಯಾಂಪಸ್ಸಿನೊಳಗೇ ಉದ್ಯಮಶೀಲತೆಯ ಕೇಂದ್ರ ತೆರೆಯಿತು. ರಾಜ್ಯದ ಸ್ಟಾರ್ಟಪ್ ನೀತಿ 2015ರಲ್ಲಿ ಬಂತು, ಮರುವರ್ಷ ಕೇಂದ್ರದ ಸ್ಟಾರ್ಟಪ್ ಇಂಡಿಯಾ. ಅದೇ 2016ರಲ್ಲಿ ಧಾರವಾಡದ ವಾಲ್ಮಿ (ಜಲ-ನೆಲ ನಿರ್ವಹಣೆ ಸಂಸ್ಥೆ) ಆವರಣದಲ್ಲಿ ಐಐಟಿ. 2018ರಲ್ಲಿ ವಿಮಾನ ನಿಲ್ದಾಣದ ಹತ್ತಿರ ದೇಶಪಾಂಡೆ ಸ್ಟಾರ್ಟಪ್ಸ್‌ನ ದೊಡ್ಡ ಕಟ್ಟಡ. ಒಳಗೆ ಕೂತು ಕೆಲಸ ಮಾಡಲು ಜಾಗ, ಮಾದರಿ ತಯಾರಿಸಲು ಮೇಕರ್ಸ್ ಲ್ಯಾಬ್, ಎಲೆಕ್ಟ್ರಾನಿಕ್ಸ್ ಲ್ಯಾಬ್. ಐಟಿ ಪಾರ್ಕಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಒಂದೇ: ಹತ್ತು ವರ್ಷ ಜನರನ್ನು ಸೇರಿಸಿದ ಮೇಲೆ ಈ ಕಟ್ಟಡ ಎದ್ದಿತು.

ಇಂಥ ಕೇಂದ್ರಗಳಿಗೆ ಇನ್ನೊಂದು ಕೆಲಸವೂ ಇದೆ. 2021ರಲ್ಲಿ ಶುರುವಾದ ಕೇಂದ್ರದ ಸೀಡ್ ಫಂಡ್ (ಆರಂಭಿಕ ಬಂಡವಾಳ) ಯೋಜನೆಯ ದುಡ್ಡು ನೇರವಾಗಿ ಹುಡುಗರ ಕೈಗೆ ಬರುವುದಿಲ್ಲ, ಇನ್‌ಕ್ಯುಬೇಟರ್, ಅಂದರೆ ಹೊಸ ಕಂಪನಿಗಳನ್ನು ಬೆಳೆಸುವ ಇಂಥ ಕೇಂದ್ರಗಳ, ಮೂಲಕ ಬರುತ್ತದೆ. ಯೋಚನೆಯನ್ನು ಮಾದರಿಯಾಗಿ ಮಾಡಲು 20 ಲಕ್ಷದವರೆಗೆ ಅನುದಾನ. ರಾಜ್ಯದ ಎಲಿವೇಟ್ ಯೋಜನೆಯಲ್ಲಿ ಗೆದ್ದರೆ 50 ಲಕ್ಷದವರೆಗೆ. ಕಂಪನಿಯಲ್ಲಿ ಪಾಲು ಕೇಳದೆ ಸಿಗುವ ದುಡ್ಡು ಇದು. ಹಾಗಾಗಿ ಪಿಚಿಂಗ್ ವೇದಿಕೆ ಅಂದರೆ ಬರೀ ಶೋಕಿ ಅಂತ ತಿಳಿಯಬೇಡಿ. ಅಲ್ಲಿ ಐದು ನಿಮಿಷ ನೆಟ್ಟಗೆ ಮಾತಾಡಲು ಕಲಿತವರು ಮುಂದೆ ಅನುದಾನದ ಸಮಿತಿ ಎದುರು ತಡವರಿಸುವುದಿಲ್ಲ.

ಆದರೂ ನೋಡುವವರಿಗೆ ಮಜಾ ಇರುವುದು ವೇದಿಕೆಯ ಮೇಲಲ್ಲ. ನಮ್ಮ ಕಡೆಯ ಕಾರ್ಯಕ್ರಮ ಗೊತ್ತಲ್ಲ, ಪ್ರಾರ್ಥನೆ, ದೀಪ, ಸ್ವಾಗತ, ಸನ್ಮಾನ, ನೆನಪಿನ ಕಾಣಿಕೆ ಎಲ್ಲ ಮುಗಿಯುವಷ್ಟರಲ್ಲಿ ಪಿಚ್ ಮಾಡುವ ಹುಡುಗ ಬೆವತು ಹೋಗಿರುತ್ತಾನೆ. ಭಾಷಣ ಇಂಗ್ಲಿಷಿನಲ್ಲಿ, ಅದರ ಮೇಲಿನ ಟೀಕೆ ಗಿರ್ಮಿಟ್ ಮಿರ್ಚಿ ತಿನ್ನುವಾಗ ಕನ್ನಡದಲ್ಲಿ. ಹೋಗುವುದಾದರೆ ಮಳಿಗೆಗಳ ಹತ್ತಿರ ನಿಲ್ಲಿ.

ಒಂದು ಪ್ರಾಜೆಕ್ಟ್ ಪ್ರದರ್ಶನದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಬ್ಯಾಟರಿಯಿಂದ ಓಡುವ, ಕಳೆ ತೆಗೆಯುವ ಎಡೆಕುಂಟೆ ಇಟ್ಟುಕೊಂಡಿದ್ದ. ಪಕ್ಕದ ಫಲಕದಲ್ಲಿ ಬ್ಯಾಟರಿ ಎಷ್ಟು ಗಂಟೆ ಬಾಳುತ್ತದೆ, ಕೂಲಿ ಎಷ್ಟು ಉಳಿಯುತ್ತದೆ ಅಂತ ಅಚ್ಚುಕಟ್ಟಾಗಿ ಬರೆದಿತ್ತು. ಬಿಳಿ ಟೋಪಿಯ ರೈತರೊಬ್ಬರು ಫಲಕ ನೋಡಲೇ ಇಲ್ಲ. ಕೆಳಗೆ ಕೂತು ಗಾಲಿಯ ಹಲ್ಲುಗಳ ನಡುವೆ ಬೆರಳು ತೂರಿಸಿದರು.

"ತಮ್ಮಾ, ಇದು ಒಣ ನೆಲದಾಗ ಛಲೋ ಓಡತದ. ಹಸಿ ಎರಿಯೊಳಗ ಗಾಲಿಗೆ ಮಣ್ಣು ಹತ್ತಿದ್ರ ಏನ್ ಮಾಡ್ತಿ?"

"ಅದನ್ನ ಇನ್ನೂ ನೋಡಿಲ್ರಿ ಕಾಕಾ."

"ಹಂಗಾದ್ರ ಮಳಿ ಆದ ಮ್ಯಾಲೆ ನಮ್ಮ ಹೊಲಕ್ಕ ತಗೊಂಡ್ ಬಾ. ನೋಡೂಣು."

ನಿರ್ಣಾಯಕರು ಕೇಳಿದ್ದು ಮಾರುಕಟ್ಟೆಯ ಗಾತ್ರ ಎಷ್ಟು ಅಂತ. ನವಲಗುಂದ, ನರಗುಂದದ ಎರೆ ಭೂಮಿಯಲ್ಲಿ ಆ ಯಂತ್ರ ಮಾರಾಟ ಆಗುತ್ತೋ ಇಲ್ಲವೋ ಅನ್ನುವುದು ಗಾಲಿಗೆ ಹತ್ತುವ ಮಣ್ಣಿನ ಮೇಲೆ ನಿಂತಿದೆ, ಅಲ್ವಾ? ಇಂಥ ಗಿರಾಕಿ ಬಸ್ಸು ಹತ್ತಿ ತಾನಾಗಿ ಬರುವುದು ಇಂಥ ಊರಿನಲ್ಲೇ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ, ರಾಣೆಬೆನ್ನೂರಿನ ಬೀಜದ ಕಂಪನಿಯವರು, ಎಲ್ಲರಿಗೂ ಹುಬ್ಬಳ್ಳಿ ಬೆಳಗ್ಗೆ ಹೊರಟು ಸಂಜೆ ವಾಪಸ್ಸಾಗುವ ದಾರಿ.

ಕೊರೋನಾ ಕಾಲದಲ್ಲಿ ಬೆಂಗಳೂರು, ಪುಣೆಯಿಂದ ಮನೆಗೆ ಬಂದವರಲ್ಲಿ ಕೆಲವರು ಇಲ್ಲೇ ಉಳಿದರು. ಅದೇ ಹೊತ್ತಿಗೆ ರಾಜ್ಯ ಸರ್ಕಾರ 'ಬಿಯಾಂಡ್ ಬೆಂಗಳೂರು' ಅನ್ನುತ್ತ ಹುಬ್ಬಳ್ಳಿ-ಧಾರವಾಡ-ಬೆಳಗಾವಿಯನ್ನು ಒಂದು ಕ್ಲಸ್ಟರ್ (ಉದ್ಯಮಗಳ ಗುಚ್ಛ) ಮಾಡಿತು. 22 ಕಿ.ಮೀ. ದೂರದ ಎರಡು ಊರುಗಳ ನಡುವೆ ತನ್ನದೇ ಪ್ರತ್ಯೇಕ ಪಥದ ಚಿಗರಿ ಬಸ್ಸು ಓಡತೊಡಗಿದ್ದರಿಂದ ಧಾರವಾಡದ ವಿದ್ಯಾರ್ಥಿಗಳು ಹುಬ್ಬಳ್ಳಿಯ ಸಂಜೆ ಕಾರ್ಯಕ್ರಮ ಮುಗಿಸಿ ಹಾಸ್ಟೆಲ್ಲಿಗೆ ಹೋಗುವುದೂ ಸುಲಭವಾಯಿತು. ಸಣ್ಣ ವಿಷಯ ಅನ್ನಿಸಬಹುದು. ಆದರೆ ಕೂಟ ತುಂಬುವುದು ಇಂಥ ಅನುಕೂಲಗಳಿಂದಲೇ.

ದುಡ್ಡಿನ ಮಾತು ಮಾತ್ರ ಇನ್ನೂ ಅರ್ಧಕ್ಕೇ ನಿಂತಿದೆ. ಹೂಡಿಕೆದಾರರು ಬೆಂಗಳೂರಿನಿಂದ ಬರುತ್ತಾರೆ, ಕಾರ್ಡ್ ಕೊಡುತ್ತಾರೆ, ರಾತ್ರಿ ರೈಲಿಗೆ ಹೊರಡುತ್ತಾರೆ. ಹುಬ್ಬಳ್ಳಿಯಲ್ಲಿ ದುಡ್ಡಿಲ್ಲ ಅಂತಲ್ಲ. ಅಮರಗೋಳದ ಎಪಿಎಂಸಿಯಲ್ಲಿ ಒಂದು ಸುತ್ತು ಹಾಕಿದರೆ ಗೊತ್ತಾಗುತ್ತದೆ. ಆದರೆ ಆ ದುಡ್ಡಿಗೆ ಸೈಟು, ಬಂಗಾರದ ಮೇಲೆ ಇರುವ ನಂಬಿಕೆ ಷೇರಿನ ಮೇಲಿಲ್ಲ. ಷೇರಿಗೆ ಹಾಕಿದ ದುಡ್ಡು ಮರಳಲು ಏಳು ವರ್ಷ ಕಾಯಿರಿ ಅಂದರೆ, 'ಅಲ್ಲೀತನಕ ಬಡ್ಡಿ ಎಷ್ಟ್ರಿ?' ಅನ್ನುತ್ತಾರೆ. ಅವರ ಪ್ರಶ್ನೆಯಲ್ಲಿ ತಪ್ಪೇನೂ ಕಾಣುವುದಿಲ್ಲ. ನನ್ನ ಪ್ರಕಾರ ಸ್ಥಳೀಯ ಕಾರ್ಖಾನೆಯವರಿಂದ ಷೇರಿನ ದುಡ್ಡಿಗಿಂತ ಮೊದಲು ಆರ್ಡರ್ ಕೇಳಬೇಕು. ಗೋಕುಲ ರಸ್ತೆ, ತಾರಿಹಾಳ, ಧಾರವಾಡ ಹತ್ತಿರದ ಬೇಲೂರಿನ ಕೈಗಾರಿಕಾ ಘಟಕಗಳು ಇಲ್ಲಿನ ಹುಡುಗರ ಒಂದು ಸೆನ್ಸರನ್ನು ಆರು ತಿಂಗಳು ತಮ್ಮ ಮಷೀನಿಗೆ ಹಾಕಿ ನೋಡಲಿ, ಬಿಲ್ಲನ್ನು ಹೊತ್ತಿಗೆ ಸರಿಯಾಗಿ ಕಟ್ಟಲಿ. ಆ ಬಿಲ್ಲು ಹಿಡಿದು ಬ್ಯಾಂಕಿಗೂ ಹೋಗಬಹುದು, ಬೆಂಗಳೂರಿಗೂ ಹೋಗಬಹುದು.